ಐವತ್ತನೆಯ ಉಂಗುರ

ಶಶಿಕುಮಾರನ ಚೀಲದಲ್ಲಿ ಉಳಿದಿದ್ದುದು ಒಂದೇ ಒಂದು ಉಂಗುರ. ಅದೊಂದು ಯಾವುದಾದರೂ ದೊಡ್ಡ ಹಕ್ಕಿಯ ಕಾಲು ಸೇರಿಬಿಟ್ಟರೆ ಅವನು ಮಧ್ಯಾಹ್ನದ ಬಸ್ಸು ಹತ್ತಿ ಮದ್ದೂರಿಗೆ ಹೊರಡಬಹುದಿತ್ತು. ಮರುದಿನ ಬೆಳಿಗ್ಗೆ ಹೆಂಡತಿ ಮಾಲಿನಿಯ ಸೀಮಂತ. ಐವತ್ತೂ ಉಂಗುರ ಮುಗಿಸಿದ ಮೇಲೆಯೇ ರಜೆಯ ಮಾತು ಎಂದು ಬೆಂಗಳೂರಿನಲ್ಲಿದ್ದ ಮೇಲಧಿಕಾರಿ ಉಷಾರಾಣಿ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಅವನ ಕೆಲಸವೇ ಅದು. ಉದ್ದನಪಲ್ಲಿಯ ಹತ್ತಿರದ ಕೆರೆಯಲ್ಲಿ ಬಲೆ ಕಟ್ಟಿ, ಹಕ್ಕಿ ಹಿಡಿದು, ಕ್ರಮಸಂಖ್ಯೆಯನ್ನೂ ಕಚೇರಿಯ ಫೋನ್ ನಂಬರನ್ನೂ ಕೊರೆದ ಅಲ್ಯುಮಿನಿಯಂ ಉಂಗುರವನ್ನು ಕಾಲಿಗೆ ತೊಡಿಸಿ ಹಾರಿಬಿಡುವುದು. ಮುಂದೆ ಆ ಹಕ್ಕಿ ಎಲ್ಲಾದರೂ ಸಿಕ್ಕಿ, ಸಿಕ್ಕವರು ಫೋನ್ ಮಾಡಿದರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಇದನ್ನು ಅವನು ಊರಿನವರಿಗೆ ಕನ್ನಡದಲ್ಲಿ, ಅರ್ಧಂಬರ್ಧ ತಮಿಳಿನಲ್ಲಿ, ತನಗೆ ಬಾರದ ತೆಲುಗಿನಲ್ಲಿ ಕೂಡ ವಿವರಿಸಿದ್ದ. ಊರಿನವರು ಮೂರೂ ಭಾಷೆಯಲ್ಲಿ ತಲೆಯಾಡಿಸಿ, ಅವನಿಗೆ 'ಕಾಲುಂಗುರದ ಸಾರು' ಎಂದು ಹೆಸರಿಟ್ಟಿದ್ದರು. ಹಕ್ಕಿಗಳಿಗೆ ಮದುವೆ ಯಾವತ್ತು ಎಂದು ದಿನಕ್ಕೊಬ್ಬರಾದರೂ ಕೇಳುತ್ತಿದ್ದರು.

ಆ ದಿನ ಬೆಳಕು ಹರಿಯುವ ಮೊದಲೇ ಅವನು ಕೆರೆಯಂಚಿನ ಪೊದೆಯ ಮರೆಯಲ್ಲಿ ಬಕಧ್ಯಾನಕ್ಕೆ ಕೂತ. ಆಚೆ ದಡದಲ್ಲಿ ನಿಜವಾದ ಬಕಗಳೂ ಅದೇ ಧ್ಯಾನದಲ್ಲಿದ್ದವು. ಎಂಟು ಗಂಟೆಯ ಹೊತ್ತಿಗೆ ಒಂದು ಬೂದು ಬಕ ಎದ್ದು ನೇರವಾಗಿ ಬಲೆಯ ಕಡೆಗೇ ಹಾರಿಬಂತು. ಶಶಿಕುಮಾರ ಉಸಿರು ಬಿಗಿಹಿಡಿದ. ಇನ್ನೇನು ಹತ್ತು ಮಾರು ಇದೆ ಎನ್ನುವಾಗ ಬಲೆಯ ಬುಡದಲ್ಲಿ ಗಂಟಲು ಹರಿಯುವಂಥ ಕೂಗೆದ್ದಿತು. ಬಕ ಗಾಳಿಯಲ್ಲೇ ಹೊರಳಿ, ಸಾಲ ಕೊಟ್ಟವನನ್ನು ಕಂಡವರಂತೆ ಬಂದ ದಾರಿ ಹಿಡಿಯಿತು. ಬಲೆಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದುದು ಒಂದು ಕೆಂಪು ಹುಂಜ.

ಅದನ್ನು ಬಿಡಿಸುವಷ್ಟರಲ್ಲಿ ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಪಾರ್ವತಮ್ಮ ಕುಡುಗೋಲಿನ ಸಮೇತ ಬಂದಳು. ತನ್ನ ಹುಂಜದ ಕಾಲು ಉಳುಕಿದೆ, ಬಲೆ ಹಾಕಿದವನೇ ಜವಾಬ್ದಾರಿ ಎಂದಳು. ಅವನು ಕ್ಷಮೆ ಕೇಳುತ್ತಿರುವಾಗಲೇ ಪಕ್ಕದ ಹೊಲದ ಪಾಪಣ್ಣನೂ ಬಂದ.

"ಅಕ್ಕಾ, ಅದು ನಂದು. ನಿನ್ ಹುಂಜ ಎಲ್ಲೋ ತಿಪ್ಪೆ ಕೆದಕ್ತಾ ಇರ್ತದೆ, ಹೋಗಿ ನೋಡು."

"ಮೊಟ್ಟೆಯಿಂದ ಸಾಕಿದೋಳಿಗೆ ಗುರ್ತು ಸಿಗಾಕಿಲ್ವೇನ್ಲಾ ಪಾಪಣ್ಣ?"

ಎರಡು ಮನೆಯ ಹುಂಜಗಳೂ ಒಂದೇ ಬಣ್ಣದವು, ಒಂದೇ ಗಾತ್ರದವು. ವರ್ಷದಿಂದ ನಡೆಯುತ್ತಿದ್ದ ಈ ವ್ಯಾಜ್ಯ ಆ ದಿನ ಬಲೆಯ ಪಕ್ಕದಲ್ಲಿ ಮೊದಲಿಂದ ವಿಚಾರಣೆಗೆ ಬಂತು. ಗದ್ದಲಕ್ಕೆ ಆಚೆ ದಡದ ಬಕಗಳೆಲ್ಲ ಒಂದೊಂದಾಗಿ ಎದ್ದುಹೋದವು. ಶಶಿಕುಮಾರ ಕೈ ಮುಗಿದು, ಊರೊಳಗೆ ಹೋಗಿ ಜಗಳವಾಡಿ ಎಂದು ಬೇಡಿಕೊಂಡ. ಪಾರ್ವತಮ್ಮನ ಕಣ್ಣು ಅವನ ಚೀಲದ ಮೇಲೆ ಬಿತ್ತು.

"ನಿನ್ ಉಂಗುರದಾಗೆ ನಂಬರೈತಲ್ಲ ಸಾರೂ, ಇದಕ್ಕೊಂದು ಹಾಕ್ಬುಡು. ಯಾರ್ದು ಅನ್ನೋ ತಕರಾರೇ ತೀರೋಯ್ತದೆ."

ಅದು ಕಾಡುಹಕ್ಕಿಗಳಿಗೆ ಮಾತ್ರ, ಸಾಕಿದ ಕೋಳಿಗೆ ಹಾಕಿದರೆ ತನ್ನ ಕೆಲಸ ಹೋಗುತ್ತದೆ ಎಂದು ಅವನು ಹೇಳಿದ. ಪಾರ್ವತಮ್ಮ ಬಲೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಲೆಯಡಿಕೆ ಚೀಲ ಬಿಚ್ಚಿದಳು. ಒಂಬತ್ತಾಯಿತು, ಹತ್ತಾಯಿತು. ಆಕೆ ಎರಡನೇ ಸಲ ಎಲೆಗೆ ಸುಣ್ಣ ಹಚ್ಚಿ, ಕೃಷ್ಣಗಿರಿಯಲ್ಲಿರುವ ಮಗಳು ಅಳಿಯನ ಸುದ್ದಿ ತೆಗೆದಳು. ಮಾಲಿನಿ ಎರಡು ಸಲ ಫೋನ್ ಮಾಡಿ, ಹೊರಟಿರಾ ಎಂದು ಕೇಳಿದಳು. ಹತ್ತೂವರೆಗೆ ಶಶಿಕುಮಾರ ಹಲ್ಲು ಕಚ್ಚಿಕೊಂಡು, ಐವತ್ತನೆಯ ಉಂಗುರವನ್ನು ಹುಂಜದ ಕಾಲಿಗೆ ಹಾಕಿ ಇಕ್ಕಳದಿಂದ ಒತ್ತಿದ.

ಪಾರ್ವತಮ್ಮ ಹುಂಜವನ್ನು ಎತ್ತಿಕೊಂಡು ಮನೆಗೆ ನಡೆದಳು. ಪಾಪಣ್ಣ ಒಪ್ಪಲಿಲ್ಲ. ಸಂಜೆ ನಾಲ್ಕು ಜನ ಹಿರಿಯರನ್ನು ಕರೆದು ನ್ಯಾಯ ಮಾಡಿಸುತ್ತೇನೆಂದು ಹೇಳಿಹೋದ. ಶಶಿಕುಮಾರನಿಗೆ ಅದರ ಗೊಡವೆ ಬೇಕಿರಲಿಲ್ಲ. ಅವನು ರಿಜಿಸ್ಟರು ತೆಗೆದು, ಐವತ್ತನೆಯ ಸಾಲಿನ ಮುಂದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತ. ಕೊನೆಗೆ, ಯಾರೂ ಮರುಪ್ರಶ್ನೆ ಕೇಳದಂಥ ಹಕ್ಕಿ ಎಂದು 'ಬೂದು ಬಕ' ಎಂದು ಬರೆದು, ಫೋಟೋ ತೆಗೆದು ಮೇಡಂಗೆ ಕಳಿಸಿದ. ಹತ್ತೇ ನಿಮಿಷದಲ್ಲಿ ರಜೆ ಮಂಜೂರಾಯಿತು. ಸುಳ್ಳು ಇಷ್ಟು ಸಲೀಸೆಂದು ಗೊತ್ತಿದ್ದರೆ ಹೋದ ವಾರವೇ ಊರು ಸೇರಬಹುದಿತ್ತಲ್ಲ ಎನ್ನಿಸಿತು.

ಬಲೆ ಬಿಚ್ಚಿ, ಕೋಣೆಗೆ ಬೀಗ ಹಾಕುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹೋಗಿತ್ತು. ಮುಂದಿನದನ್ನು ಹಿಡಿದು ಅವನು ಹೊಸೂರು ಬಸ್‌ಸ್ಟ್ಯಾಂಡಿಗೆ ಬಂದಾಗ ಸಂಜೆ ನಾಲ್ಕೂವರೆ. ಬೆಂಗಳೂರು ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತು. ಆಗ ಮೇಡಂ ಫೋನ್ ಬಂತು.

"ಶಶಿ, ನಿಮ್ಮ ಬಕ ಸಿಕ್ಕಿದೆ."

"ಎಲ್ಲಿ ಮೇಡಂ?"

"ಕೃಷ್ಣಗಿರಿಯಲ್ಲಿ. ಸಾರಿನೊಳಗೆ."

ಅರುಣ್‌ಕುಮಾರ್ ಎಂಬವನು ಫೋನ್ ಮಾಡಿದ್ದನಂತೆ. ಊಟಕ್ಕೆ ಕೂತಾಗ ಉಂಗುರ ಸಿಕ್ಕಿತು, ತೊಳೆದು ಇಟ್ಟಿದ್ದೇನೆ, ಹೆಂಡತಿ ಮಾಡಿದ ಸಾರು ಬಹಳ ಚೆನ್ನಾಗಿತ್ತು ಎಂದನಂತೆ. ಹಾಡಹಗಲೇ ಕಾಡುಹಕ್ಕಿಯನ್ನು ಕೊಂದು ತಿಂದು ಹೀಗೆ ಫೋನ್ ಮಾಡುವ ಧೈರ್ಯ ನೋಡಿ ಎಂದು ಮೇಡಂ ಕುದಿಯುತ್ತಿದ್ದರು. ಅರಣ್ಯ ಇಲಾಖೆಗೆ ತಿಳಿಸುತ್ತಿದ್ದೇನೆ, ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಹಾಕಿಸುತ್ತೇನೆ ಎಂದರು.

ಪಾಪಣ್ಣನ ಹಿರಿಯರು ಸೇರುವುದರೊಳಗೆ ಹುಂಜವೇ ಇರಬಾರದೆಂದು ಪಾರ್ವತಮ್ಮ ಅದನ್ನು ಬಸ್ಸಿಗೆ ಹೊರಟಿದ್ದ ಊರಿನವರ ಕೈಯಲ್ಲಿ ಕೃಷ್ಣಗಿರಿಯ ಮಗಳು ಅಳಿಯನಿಗೆ ಕಳಿಸಿಬಿಟ್ಟಿದ್ದಾಳೆಂದು ಶಶಿಕುಮಾರನಿಗೆ ಹೊಳೆಯಿತು. ಕಂಡಕ್ಟರು ಸೀಟಿ ಊದಿದ. ಸುಮ್ಮನಿದ್ದರೆ ಬಸ್ಸು ಹೊರಡುತ್ತದೆ, ಸೀಮಂತ ಸಿಗುತ್ತದೆ. ಆದರೆ ಉಂಗುರದ ಮೇಲಿನ ನಂಬರು ಓದಿ, ಒಳ್ಳೆಯ ಮನಸ್ಸಿನಿಂದ ಫೋನ್ ಮಾಡಿದ ಒಬ್ಬನೇ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ. ಶಶಿಕುಮಾರ ಬಸ್ಸಿಳಿದ.

"ಮೇಡಂ, ಅದು ಬಕ ಅಲ್ಲ. ಹುಂಜ."

ಅವನು ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ಕಿವಿಯೊಡ್ಡಿ ನಿಂತವನಿಗೆ ಮೇಡಂ ತಣ್ಣಗೆ ಹೇಳಿದರು: "ನಿಜ ಹೇಳಿದ್ರಿ, ಕೆಲಸ ಉಳೀತು. ಅಂದ್ರೆ ಐವತ್ತನೇ ಉಂಗುರ ಇನ್ನೂ ಖಾಲಿ ಇದೆ. ಕೃಷ್ಣಗಿರಿಗೆ ಹೋಗಿ ಇಸ್ಕೊಳ್ಳಿ. ನಾಳೆ ಹಕ್ಕಿಗೆ ಹಾಕಿ. ಆಮೇಲೆ ರಜೆ."

ಮಾಲಿನಿಗೆ ಫೋನ್ ಮಾಡಿದ. ಆಕೆ ಬೈಯಲಿಲ್ಲ, ಹುಂಜ ಎನ್ನುವ ಹೊತ್ತಿಗೇ ಫೋನಿಟ್ಟಳು.

ಕೃಷ್ಣಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅರುಣ್‌ಕುಮಾರ್ ಕಾಯುತ್ತಿದ್ದ. ಕಾಗದದಲ್ಲಿ ಸುತ್ತಿದ ಉಂಗುರವನ್ನು ಎರಡೂ ಕೈಯಿಂದ ಕೊಟ್ಟ. ಉಂಗುರ ಪಳಪಳನೆ ಹೊಳೆಯುತ್ತಿತ್ತು, ಮಸಾಲೆಯ ವಾಸನೆ ಮಾತ್ರ ಹೋಗಿರಲಿಲ್ಲ.

"ಬೇಜಾರ್ ಮಾಡ್ಕಬೇಡಿ ಸಾರ್" ಎಂದು ಅವನು ತಲೆ ಕೆರೆದುಕೊಂಡ. "ಈಗ ಅತ್ತೆ ಫೋನ್ ಮಾಡಿದ್ರು. ಅವ್ರ ಹುಂಜ ಸಾಯಂಕಾಲ ತಾನಾಗೇ ಮನೆಗೆ ಬಂತಂತೆ. ನಾವ್ ತಿಂದಿದ್ದು ಪಾಪಣ್ಣಂದು."

ಶಶಿಕುಮಾರ ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತ.

"ಅದಕ್ಕೆ ಬದ್ಲು ಇದನ್ನ ಕೊಡು ಅಂತ ಪಾಪಣ್ಣ ಹಿರಿಯರನ್ನ ಕರ್ಕೊಂಡು ಬಾಗ್ಲಲ್ಲಿ ಕೂತವ್ರಂತೆ. ಅತ್ತೆ ಹುಂಜಾನ ಕಂಕುಳಾಗಿಟ್ಕೊಂಡು ಉದ್ದನಪಲ್ಲಿ ಬಸ್‌ಸ್ಟಾಪ್‌ನಾಗೆ ನಿಂತವ್ರೆ. ಉಂಗುರದ ಸಾರು ಬಂದು ಇದಕ್ಕೂ ಒಂದು ಹಾಕೋಗಂಟ ಕದಲಾಕಿಲ್ಲ ಅಂತಾವ್ರೆ."