ಅಳಿಯ ಕಾಲು ನೀಡದ ಕಾರು

ಮೊದಲು ನನಗಾಗಿರುವ ಅನ್ಯಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಎರಡು ವರ್ಷ ಕಣ್ಣು ಸವೆಸಿ ನಾನು ನಕ್ಷೆ ಬರೆದ ಕಾರಿನಲ್ಲಿ ಚಾಲಕನ ಪೆಡಲುಗಳನ್ನು ನನ್ನ ಕಾಲಿನ ಅಳತೆಗಿಂತ ಒಂದು ಗೇಣು ಹಿಂದಕ್ಕೆ ಬೆಸುಗೆ ಹಾಕಲಾಗಿದೆ. ಬೆಸುಗೆ ಹಾಕಿದವನು ನನ್ನ ಹೆಂಡತಿಯ ತಮ್ಮ ಪುಟ್ಟರಾಜು. ಅವನು ಗಿಡ್ಡ, ಆ ಸೀಟಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತಾನೆ. ನಾನು ಕೂತರೆ ನನ್ನ ಮಂಡಿಗಳು ಸ್ಟೇರಿಂಗಿನ ಎರಡೂ ಪಕ್ಕ ಎದ್ದು ನಿಂತು ನನ್ನ ಮುಖವನ್ನೇ ನೋಡುತ್ತವೆ. ಇದು ಆಕಸ್ಮಿಕವೆಂದು ಮನೆಯವರೆಲ್ಲ ಹೇಳುತ್ತಾರೆ. ಆಕಸ್ಮಿಕಗಳೆಲ್ಲ ಸದಾ ಒಬ್ಬನನ್ನೇ ಹುಡುಕಿಕೊಂಡು ಬರುತ್ತಿದ್ದರೆ ಅವಕ್ಕೆ ಬೇರೆ ಹೆಸರಿಡಬೇಕಾಗುತ್ತದೆ.

ಕೂರುವ ಜಾಗದ ವಿಷಯದಲ್ಲಿ ಲೋಕ ನನ್ನೊಡನೆ ಎಂದೂ ನ್ಯಾಯವಾಗಿ ನಡೆದುಕೊಂಡಿಲ್ಲ. ನನ್ನದೇ ಮದುವೆಯ ಬೀಗರ ಊಟದಲ್ಲಿ ಮದುಮಗನಾದ ನನ್ನನ್ನು ಕಂಬದ ಹಿಂದಿನ ಎಲೆಗೆ ಕೂರಿಸಿದರು. ಮುದ್ದೆ ಬಂತು, ಸಾರು ಕಂಬವನ್ನು ದಾಟಲಿಲ್ಲ. ಅಂದು ಬಡಿಸುತ್ತಿದ್ದವರು ಯಾರು, ಸಾರಿನ ಬಕೆಟ್ಟು ಎಷ್ಟು ಹೆಜ್ಜೆ ದೂರದಲ್ಲಿ ಹಿಂತಿರುಗಿತು ಎಂಬುದನ್ನು ಇಂದಿಗೂ ಹೇಳಬಲ್ಲೆ. ಆಮೇಲೆ ಮಳವಳ್ಳಿಯ ತಾಂತ್ರಿಕ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾದೆ. ಮಂಡ್ಯದ ಗುತ್ತಲಿನ ಮನೆಯಿಂದ ಹೊರಟು, ಮದ್ದೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ನನ್ನನ್ನು ಕಂಡೊಡನೆ ಕಂಡಕ್ಟರು, “ಇಂದಕ್ಕೋಗಿ ಸಾ, ಕೊನೇ ಸೀಟು ಖಾಲಿ ಅದೆ” ಎನ್ನುತ್ತಿದ್ದ. ನಿವೃತ್ತಿಯವರೆಗೂ ಆ ಕೊನೆಯ ಸೀಟು ಖಾಲಿಯೇ ಇತ್ತು.

ಆದರೆ ಸತ್ಯವನ್ನು ಮುಚ್ಚಿಡಬಾರದು. ನನ್ನ ಕನಸು ಹುಟ್ಟಿದ್ದು ಆ ಸೀಟಿನಲ್ಲಿಯೇ. ತಿರುವಿನಲ್ಲಿ ಬಸ್ಸಿನ ಬಾಲ ಕೂದಲೆಳೆಯಷ್ಟು ಹೊರಕ್ಕೆ ಜಾರಿದರೂ ಮುಂದೆ ಕೂತವರು ತೂಕಡಿಸುತ್ತಲೇ ಇರುತ್ತಾರೆ. ಹಿಂದಿನ ಚಕ್ರದ ಮೇಲೆ ಕೂತವನ ಸೊಂಟಕ್ಕೆ ಅದು ಮೊದಲು ತಿಳಿಯುತ್ತದೆ. ಗಾಡಿಯ ಮನಸ್ಸನ್ನು ಅರಿಯುವ ಅಂಗ ಕಣ್ಣಲ್ಲ, ಸೊಂಟ. ಕಿಟಕಿಯಾಚೆ ಕಬ್ಬಿನ ಸೂಲಂಗಿ ಹೂ ಬೆಳ್ಳಗೆ ಹರಿದು ಹೋಗುತ್ತಿದ್ದರೆ, ನಾನು ಅರೆಗಣ್ಣಿನಲ್ಲಿ ಒಂದು ಪುಟ್ಟ ಕಾರನ್ನು ಕಾಣುತ್ತಿದ್ದೆ. ಅದಕ್ಕೆ ಚಾವಣಿಯಿಲ್ಲ, ಬಾಗಿಲಿಲ್ಲ, ಭಾರವೆಂಬುದೇ ಇಲ್ಲ. ನೆಲದಿಂದ ಒಂದು ಗೇಣು ಎತ್ತರದಲ್ಲಿ, ಹಿಂದಿನ ಚಕ್ರಗಳ ಅಚ್ಚಿಗೆ ಬೆನ್ನು ತಾಗುವಂತೆ ಎರಡೇ ಸೀಟು. ಮಧ್ಯಾಹ್ನದ ಊಟ ಮುಗಿಸಿ ನಾಲೆಯ ಏರಿಯ ಮೇಲೆ ಹೊಂಗೆಯ ನೆರಳಿಗೆ ಒರಗಿದವನಂತೆ, ಕಾಲುಗಳನ್ನು ಉದ್ದಕ್ಕೆ ನೀಡಿ ನಾನು ಅದರಲ್ಲಿ ಕೂತಿದ್ದೇನೆ. ತಿರುಗಬೇಕೆಂದು ಮನಸ್ಸು ಮಾಡಿದರೆ ಸಾಕು, ಕೈ ಅಲುಗುವ ಮೊದಲೇ ಕಾರು ತಿರುಗಿರುತ್ತದೆ. ಎಷ್ಟೋ ಸಲ ಮಳವಳ್ಳಿ ದಾಟಿ ಹಲಗೂರಿನಲ್ಲಿ ಇಳಿದಿದ್ದೇನೆ.

ನಿವೃತ್ತನಾದ ಮೇಲೆ ಆ ಕನಸನ್ನು ಕಾಗದಕ್ಕಿಳಿಸಿದೆ. ಪುಟ್ಟರಾಜು ಭಾರತೀನಗರದಲ್ಲಿ ಕಿಟಕಿಗೆ ಸರಳು, ಟ್ರ್ಯಾಕ್ಟರಿಗೆ ಟ್ರೈಲರು ಬೆಸೆಯುವವನು. ಅತ್ತೆಯವರ ಮನೆಯ ಹಿತ್ತಿಲಿನಲ್ಲಿ, ಗುಜರಿಗೆ ಬಿದ್ದಿದ್ದ ಹಳೆಯ ಕಾರೊಂದರ ಇಂಜಿನ್ನು ತಂದಿಟ್ಟು ಕೆಲಸ ಹಿಡಿದ. ನಕ್ಷೆಯಲ್ಲಿ ಪ್ರತಿಯೊಂದು ಕೊಳವೆಯ ಉದ್ದವನ್ನೂ ಮಿಲಿಮೀಟರಿನಲ್ಲಿ ಬರೆದಿದ್ದೆ. ಒಂದೇ ಒಂದು ಕಡೆ, ಪೆಡಲುಗಳ ಬಳಿ ಮಾತ್ರ, ‘ಚಾಲಕನನ್ನು ಕೂರಿಸಿ ಅಳೆಯುವುದು’ ಎಂದಿತ್ತು. ಮನುಷ್ಯ ಕೊಳವೆಯಲ್ಲವಲ್ಲ.

ಅಳತೆಯ ದಿನ ಹಿತ್ತಿಲಿನಲ್ಲಿ ಗೋಣಿಚೀಲ ಹಾಸಿ, ಗೋಡೆಗೆ ಒರಗಿಸಿ ನನ್ನನ್ನು ಕೂರಿಸಿದ. “ಕಾಲ್ ನೀಡ್ಕಂಡ್ ಕೂತ್ಕಳಿ ಬಾವ” ಎಂದ, ಸೀಮೆಸುಣ್ಣ ಹಿಡಿದು. ನೀಡಬೇಕೆಂದು ನೋಡಿದರೆ, ನೇರ ಎದುರಿಗೆ ಅತ್ತೆಯವರು ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ! ನಮ್ಮ ಸೀಮೆಯ ಯಾವ ಅಳಿಯ ತಾನೇ ಅತ್ತೆಯ ಮುಖಕ್ಕೆ ಕಾಲು ನೀಡಿಯಾನು? ಎಡಕ್ಕೆ ತಿರುಗೋಣವೆಂದರೆ ತುಳಸಿಕಟ್ಟೆ. ಬಲಕ್ಕೆ ಹಸು. ಬೆನ್ನಿಗೆ ಗೋಡೆ. ಮಂಡಿಗಳನ್ನು ಮಡಚಿ, ಪಾದಗಳನ್ನು ಪಂಚೆಯೊಳಕ್ಕೆ ಎಳೆದುಕೊಂಡೆ.

“ಇಷ್ಟೇನಾ ಬಾವ?” ಎಂದ ಪುಟ್ಟರಾಜು.

“ಇಷ್ಟೇ” ಎಂದೆ. ‘ಸದ್ಯಕ್ಕೆ ಇಷ್ಟೇ’ ಎಂಬುದು ಅದರ ಅರ್ಥ. ಅವನೂ ಒಂದು ಮನೆಯ ಅಳಿಯನೇ, ತಿಳಿಯಬೇಡವೇ? ಅವನು ನನ್ನ ಹಿಮ್ಮಡಿಯ ಬಳಿ ಗೆರೆ ಎಳೆದ. ಅತ್ತೆಯವರು ಅವರೆಕಾಯಿಯಿಂದ ತಲೆಯೆತ್ತಿ, “ಅಳಿಮಯ್ಯ ಯಾಕಿಂಗ್ ಮುದುರ್ಕಂಡವ್ರೆ? ಚಳಿಯಾಯ್ತದೇನೋ, ಕಂಬ್ಳಿ ಕೊಡ್ಲಾ” ಎಂದು ಮಗನಲ್ಲಿ ವಿಚಾರಿಸಿದರು.

ಮನೆಯಲ್ಲಿ ಕಟ್ಟಿದ ಕಾರು ರಸ್ತೆಗೆ ಇಳಿಯುವಂತಿಲ್ಲ. ನಾನು ನಿಯಮ ಮೀರುವವನಲ್ಲ. ಪರಿಚಯದವರ ಆಲೆಮನೆಯ ಅಂಗಳದಲ್ಲಿ, ಒಣಹಾಕಿದ್ದ ಕಬ್ಬಿನ ಸಿಪ್ಪೆಯ ರಾಶಿಗಳ ನಡುವೆ ಮೊದಲ ಓಟ. ಕೂತೊಡನೆ ಅನಾಹುತ ಅರ್ಥವಾಯಿತು. ಆದರೂ ಇಷ್ಟು ವರ್ಷ ಕಾದವನು ಇಳಿಯುವುದುಂಟೇ? ಹೊರಟೆ. ಮೊದಲ ತಿರುವಿನಲ್ಲಿ ಸ್ಟೇರಿಂಗು ಅರ್ಧ ತಿರುಗಿ ಮಂಡಿಗೆ ಬಡಿದು ನಿಂತಿತು.

“ತಿರುಗ್ಸಿ ಬಾವ! ತಿರುಗ್ಸಿ!”

“ಮಂಡಿ ಕಣೋ!”

“ಮಂಡಿ ತಗೀರಿ ಮತ್ತೆ!”

“ತೆಗೆದು ಎಲ್ಲಿಡಲೋ?”

ಈ ಚರ್ಚೆ ಮುಗಿಯುವ ಮೊದಲೇ ಕಾರು ನನ್ನನ್ನು ಸಿಪ್ಪೆಯ ರಾಶಿಯೊಳಕ್ಕೆ ಮೆತ್ತಗೆ ಕೊಂಡೊಯ್ದಿತು. ಸಿಪ್ಪೆ ಕೊಡವಿಕೊಂಡು ಪಕ್ಕದ ಸೀಟಿಗೆ ಸರಿದೆ, ಪುಟ್ಟರಾಜು ಓಡಿಸಿದ. ಅಲ್ಲಿ ಪೆಡಲುಗಳಿಲ್ಲ, ಎದುರಿಗೆ ಅತ್ತೆಯಿಲ್ಲ. ಕಾಲು ನೀಡಿದೆ. ಬೆಲ್ಲ ಬೇಯುವ ಕಂಪಿನೊಳಗೆ, ನೆಲವನ್ನು ಸವರಿಕೊಂಡು, ಕಾರು ನೀರಿನಲ್ಲಿ ಎಲೆ ತಿರುಗುವಂತೆ ತಿರುಗಿತು. ಅದರ ಬಾಲ ಜಾರಲು ಯೋಚಿಸಿದ್ದು, ಯೋಚಿಸಿ ಬಿಟ್ಟದ್ದು, ಎರಡೂ ನನ್ನ ಸೊಂಟಕ್ಕೆ ತಿಳಿದವು. ಬೆಳಗಿನ ಮಂಜು, ಆಲೆಮನೆಯ ಹೊಗೆ, ಆಕಾಶ ಯಾವುದು ಎಲ್ಲಿ ಮುಗಿಯುತ್ತದೆಂದು ಗೊತ್ತಾಗಲಿಲ್ಲ. ನಾನು ಕಂಡಿದ್ದ ಕನಸೇ ಅದು, ಸಂದೇಹವಿಲ್ಲ. ಓಡಿಸುತ್ತಿದ್ದವನು ಮಾತ್ರ ನಾನಲ್ಲ.

ಸರಿಪಡಿಸಿಕೊಡು ಎಂದೆ. “ಪೆಡ್ಲು ಮುಂದಕ್ ತಳ್ಳಕ್ಕೆ ಇಂಜಿನ್ನು ಅಡ್ಡ ಅದೆ, ಸೀಟು ಇಂದಕ್ ತಳ್ಳಕ್ಕೆ ಅಚ್ಚು ಅಡ್ಡ ಅದೆ. ಪೂರಾ ಕುಯ್ಬೇಕು ಕಣ್ ಬಾವ. ಇಷ್ಟೇ ಅಂದೋರು ನೀವೇ ಅಲ್ವಾ?” ಎಂದ. ಇನ್ನು ಬೇರೆ ದಾರಿಯಿರಲಿಲ್ಲ. ಅಂದು ಕಾಲು ಮಡಚಿದ್ದೇಕೆಂದು ಹೆಂಡತಿಗೆ ಹೇಳಿದೆ. ಅವಳು ಅದನ್ನು ತಾಯಿಗೆ ಮುಟ್ಟಿಸಿದಳು.

“ಅಯ್ಯೋ ಶಿವನೆ! ಒಂದ್ ಮಾತ್ ಯೋಳಿದ್ರೆ ನಾನೇ ಎದ್ದು ಒಳಿಕ್ ಓಯ್ತಿರ್ನಿಲ್ವಾ?” ಎಂದು ಅತ್ತೆಯವರು ನೊಂದುಕೊಂಡರು. ನೊಂದುಕೊಂಡು ಸುಮ್ಮನಿರಬೇಕಿತ್ತು. “ಅದೆಂತಾ ಸೀಟಪ್ಪ, ನಾನೂ ನೋಡಾನ” ಎಂದು ಆಲೆಮನೆಗೆ ಬಂದು, ಮಗನ ಕೈ ಹಿಡಿದುಕೊಂಡು, ನಾನು ಕಾಲು ನೀಡಿದ್ದ ಆ ಪಕ್ಕದ ಸೀಟಿಗೆ ಇಳಿದರು. ಇಳಿದವರು, ಕಾಲುಗಳನ್ನು ಉದ್ದಕ್ಕೆ ನೀಡಿ, ಕಣ್ಣು ಮುಚ್ಚಿ, “ಮಂಡಿನೋವು ಇಳ್ದೇ ಓಯ್ತು ಕಣ್ಲಾ ಪುಟ್ರಾಜ, ಒಂದ್ ಸುತ್ತು ಓಡ್ಸು” ಎಂದರು.

ಅಂದಿನಿಂದ ಸಂಜೆಗೊಂದು ಸುತ್ತು ನಡೆದಿದೆ. ಈಗ ಆ ಸುತ್ತು ಒಂದರಿಂದ ಐದಕ್ಕೆ ಏರಿದೆ. ನಾನು ಆಲೆಮನೆಯ ಅಂಗಳದಲ್ಲಿ ನಿಂತಿರುತ್ತೇನೆ. ತಿರುವಿನಲ್ಲಿ ಅತ್ತೆಯವರು ನನ್ನ ಕಡೆ ನೋಡಿ, “ಅಳಿಮಯ್ಯ, ಶ್ಯಾನೆ ಚಂದಾಗ್ ಮಾಡಿದೀರಿ” ಎಂದು ಕೂಗಿ ಹೋಗುತ್ತಾರೆ. ಮೂರು ಸೀಟು ಹಾಕೋಣವೆಂದು ಪುಟ್ಟರಾಜು ಕೆಲಸ ಹಿಡಿದ ಮೊದಲ ದಿನವೇ ಹೇಳಿದ್ದ. ಭಾರ ಹೆಚ್ಚುತ್ತದೆ, ತಿರುವಿನ ಗುಣ ಕೆಡುತ್ತದೆ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವನು ನಾನೇ. ಅದನ್ನು ಒಪ್ಪಿಕೊಂಡೇ ಕೇಳುತ್ತಿದ್ದೇನೆ: ಪುಟ್ಟರಾಜು, ಅತ್ತೆಯವರೇ, ನೀವಿಬ್ಬರೂ ನೆಮ್ಮದಿಯಾಗಿ ಕೂತಾಯಿತಲ್ಲ, ಇನ್ನು ನಾನೆಲ್ಲಿ ಕೂರಲಿ?