ಬಾಯ್ಲರ್ ಬಾಬ್‌ನ ಕುಸ್ತಿ ಖರೆಯೋ ನಾಟಕವೋ: ನಿಯಮ ವಹಿ ವಿಭಾಗಕ್ಕೊಂದು ಅರ್ಜಿ

ಇಂದ,
ಜಯಕುಮಾರ ನೇಮಿನಾಥ ಮಗದುಮ, ವಯಸ್ಸು 66,
ಪಂಪಿನ ಬಿಡಿಭಾಗಗಳ ಅಂಗಡಿ, ಮಿರಜ.
(ಮೂಲ ಊರು ಸಮಡೋಳಿ)

ಗೆ,
ಸೌ. ಚಂದ್ರಾಬಾಯಿ ಜಯಕುಮಾರ ಮಗದುಮ,
ಪ್ರಮುಖರು, ನಿಯಮ ವಹಿ ವಿಭಾಗ,
ಚಾತುರ್ಮಾಸ ಸಮಿತಿ, ಮಿರಜ.
(ಕಚೇರಿ: ಅರ್ಜಿದಾರನ ಅಡುಗೆಮನೆ, ಮಸಾಲೆ ಡಬ್ಬಿಗಳ ಮೇಲಿನ ಕಪಾಟು)

ವಿಷಯ: ಚಾತುರ್ಮಾಸದಲ್ಲಿ ಹಳೆಯ ಟಿ.ವಿ. ಕುಸ್ತಿ ನೋಡಿ ವಿಮರ್ಶೆ ಮಾಡಲು ಅನುಮತಿ ಕೋರಿ.

ಉಲ್ಲೇಖ: 1) ತಮ್ಮ ವಹಿಯ ಪುಟ 14, ಕ್ರಮ ಸಂಖ್ಯೆ 37.
2) ಬುಧವಾರ ಮುಂಜಾನೆ ಭಾಕ್ರಿ ಬಡಿಯುತ್ತ ತಾವು ನೀಡಿದ ಮೌಖಿಕ ಆದೇಶ.
3) ಅದೇ ಆದೇಶ, ಅದೇ ದಿನ ಮಧ್ಯಾಹ್ನ, ಇನ್ನೂ ಸ್ವಲ್ಪ ಜೋರಾಗಿ.

ಮಾನ್ಯರೇ,

ಸದರಿ ಅರ್ಜಿದಾರನು ತಮ್ಮ ಪತಿಯಾಗಿದ್ದು, ಈ ಸಂಬಂಧವನ್ನು ಅರ್ಜಿಯ ವಿಲೇವಾರಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ತಾವು ಮೊದಲೇ ಸ್ಪಷ್ಟಪಡಿಸಿರುತ್ತೀರಿ. ಕಾರಣ, ನಲವತ್ತೊಂದು ವರ್ಷಗಳ ಸಂಸಾರವನ್ನು ಬದಿಗಿಟ್ಟು, ಅರ್ಜಿದಾರನು ಅಪರಿಚಿತನಂತೆ ಈ ಕೆಳಗಿನದನ್ನು ಸವಿನಯವಾಗಿ ನಿವೇದಿಸುತ್ತಾನೆ.

1. ಆಷಾಢದಲ್ಲಿ ಬಸದಿಯ ಪ್ರವಚನ ಮುಗಿದ ಮೇಲೆ ಮುನಿ ಮಹಾರಾಜರು ಶ್ರಾವಕರಿಗೆ ಏನಾದರೊಂದನ್ನು ಬಿಡುವ ನಿಯಮ ಕೊಡುತ್ತಿದ್ದರು. ಒಬ್ಬರು ಬಟಾಟೆ ಬಿಟ್ಟರು, ಒಬ್ಬರು ಚಹಾ ಬಿಟ್ಟರು, ಅಂಗಡಿ ಸಾಲಿನ ಒಬ್ಬ ಗೃಹಸ್ಥರು ಸಿಟ್ಟನ್ನೇ ಬಿಟ್ಟು ಮರುದಿನವೇ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮಹಾರಾಜರು, ಪರದೆಯ ಮೇಲೆ ಮನುಷ್ಯ ಮನುಷ್ಯನನ್ನು ಹೊಡೆಯುವುದನ್ನು ದೀಪಾವಳಿಯವರೆಗೆ ಯಾರು ನೋಡುವುದಿಲ್ಲ ಎಂದು ಕೇಳಿದರು. ಸರಿಯಾಗಿ ಅದೇ ಕ್ಷಣಕ್ಕೆ ಅರ್ಜಿದಾರನ ಎಡ ಮೊಣಕಾಲು ಜೋಮು ಹಿಡಿದು, ಅವನು ಗೋಡೆ ಹಿಡಿದು ಎದ್ದು ನಿಂತನು. ಇದು ತ್ಯಾಗವಲ್ಲ, ಜೋಮು. ಆದರೆ ಸಭೆ ಜಯಕಾರ ಹಾಕಿತು. ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿದರು. ತಾವು ವಹಿ ತೆರೆದು ಅವನ ಹೆಸರು ಬರೆದುಕೊಂಡಿರಿ. ಜಯಕಾರದ ನಡುವೆ ಮತ್ತೆ ಕೂತುಕೊಳ್ಳುವ ಧೈರ್ಯ ಮಿರಜದಲ್ಲಿ ಯಾರಿಗೂ ಇಲ್ಲ.

2. ಅರ್ಜಿದಾರನ ಪಕ್ಕದಲ್ಲಿ ಅವನ ತಮ್ಮ ಸಮ್ಮೇದ ಕುಳಿತಿದ್ದನು. ಈತನ ವಯಸ್ಸು 58, ಕುಪವಾಡ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಲೇಥ್ ವರ್ಕ್‌ಶಾಪ್, ಹಿಂದೆ ಗರಡಿ ತಾಲೀಮಿನ ಪೈಲವಾನ, ಕುಸ್ತಿಯಲ್ಲಿ ಜಜ್ಜಿ ಎರಡೂ ಕಿವಿ ಮುದ್ದೆ. ನಮ್ಮ ಮನೆತನದಲ್ಲಿ ದೊಡ್ಡವರು ನಿಂತಾಗ ಸಣ್ಣವರು ಕೂತಿರುವ ಪದ್ಧತಿ ಇಲ್ಲ. ಆದ್ದರಿಂದ ಅವನೂ ಎದ್ದು ನಿಂತನು. ಏನು ಬಿಡುತ್ತಿದ್ದೇನೆಂದು ಅವನಿಗೂ ಗೊತ್ತಿರಲಿಲ್ಲ. ವಹಿಯಲ್ಲಿ ಕ್ರಮ ಸಂಖ್ಯೆ 38 ಆಗಿ ದಾಖಲಾದ ಮೇಲೆ ಗೊತ್ತಾಯಿತು.

3. ಅರ್ಜಿದಾರನ ಕಸುಬು ಪಂಪಿನ ಬಿಡಿಭಾಗ ಮಾರುವುದಾದರೂ ಅವನ ಜೀವ ಇರುವುದು ತೊಂಬತ್ತರ ದಶಕದ ಪರದೇಶಿ ಟಿ.ವಿ. ಕುಸ್ತಿಯಲ್ಲಿ. ಆಗ ಕೇಬಲ್‌ನಲ್ಲಿ ಬಂದ ಕಂತುಗಳನ್ನು ಈಗ ಫೋನಿನಲ್ಲಿ ಮತ್ತೆ ನೋಡಿ, ಪ್ರತಿ ಭಾನುವಾರ ಒಂದು ವಿಮರ್ಶೆಯನ್ನು ಮರಾಠಿಯಲ್ಲಿ ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಗುಂಪಿನಲ್ಲಿ 143 ಜನರಿದ್ದಾರೆ. ಸಾಂಗಲಿಯ ಇಬ್ಬರು ದಂತವೈದ್ಯರೂ ಇದ್ದಾರೆ. ಪ್ರವೇಶಕ್ಕೆ ಹತ್ತು ಅಂಕ, ಹೊಡೆತಕ್ಕೆ ಹತ್ತು, ಬಿದ್ದು ನರಳುವುದಕ್ಕೆ ಹತ್ತು, ರೆಫರಿಯ ಕುರುಡುತನಕ್ಕೆ ಹತ್ತು. ಇಲ್ಲಿಯವರೆಗೆ ನಲವತ್ತಕ್ಕೆ ನಲವತ್ತು ಯಾರಿಗೂ ಕೊಟ್ಟಿಲ್ಲ. ಪ್ರತಿ ವಿಮರ್ಶೆಯ ಕೆಳಗೆ ಸಮ್ಮೇದ "ನಾಟಕ" ಎಂದು ಒಂದೇ ಪದ ಬರೆಯುತ್ತಾನೆ. ಅಷ್ಟಕ್ಕೆ ಸಮಾಧಾನವಾಗದೆ ಹನ್ನೊಂದು ಗಂಟೆಗೆ ಮೋಟರ್‌ಸೈಕಲ್ ಹತ್ತಿ ಮನೆಗೇ ಬಂದು ಊಟದವರೆಗೆ ವಾದಿಸುತ್ತಾನೆ. ಅರ್ಜಿದಾರನು ಖರೆ ಎನ್ನುತ್ತಾನೆ, ಅವನು ನಾಟಕ ಎನ್ನುತ್ತಾನೆ. ಮೂವತ್ತೆರಡು ವರ್ಷಗಳಾದವು, ಇಬ್ಬರೂ ಒಂದು ಗೇಣು ಸರಿದಿಲ್ಲ.

4. ನಿಯಮ ಹಿಡಿದ ಒಂಬತ್ತನೇ ದಿನ ಸೊಸೆ ವೃಷಾಲಿ, ತನ್ನ ಒಳ್ಳೆಯತನದಿಂದಲೇ, ಒಂದು ಕೆಟ್ಟ ಕೆಲಸ ಮಾಡಿದಳು. ಬಾಯ್ಲರ್ ಬಾಬ್ ಮತ್ತು ಪ್ರಿನ್ಸ್ ವೆಲ್ವೆಟ್‌ರ 1994ರ ಕುಸ್ತಿಯನ್ನು ಎಲ್ಲಿಂದಲೋ ಹುಡುಕಿ ತೆಗೆದಳು. ಇದರ ಮಹತ್ವ ಸಮಿತಿಗೆ ತಿಳಿದಿರಲಿಕ್ಕಿಲ್ಲ. ಬಾಯ್ಲರ್ ಬಾಬ್ ಎಂದರೆ ಮೈಗೆ ಮಸಿ ಬಳಿದುಕೊಂಡು, ಹೆಗಲ ಮೇಲೆ ನಟ್ಟು ಬಿಗಿಯುವ ದೊಡ್ಡ ಪಾನ ಹೊತ್ತು ಬರುವ ಬಡವರ ಪೈಲವಾನ. ಪ್ರಿನ್ಸ್ ವೆಲ್ವೆಟ್ ಎಂದರೆ ನೇರಳೆ ಮಖಮಲ್ಲಿನ ಶಾಲು ಹೊದ್ದು, ಕನ್ನಡಿ ಹಿಡಿಯಲು ಬೇರೆ ಆಳನ್ನಿಟ್ಟುಕೊಂಡ ನೀಚ. ಆ ಮಳೆಗಾಲದ ಸಂಜೆ ಹದಿನೇಳನೇ ನಿಮಿಷಕ್ಕೆ ಬಾಬ್ ಅಂಗಾತ ಬಿದ್ದಿದ್ದ. ವೆಲ್ವೆಟ್ ಹಗ್ಗದ ಮೇಲೆ ಹತ್ತಿ ಹಾರಿದ. ಅವನು ನೆಲಕ್ಕೆ ಬರುವುದರೊಳಗೆ ಸಮಡೋಳಿಯ ಕರೆಂಟು ಹೋಯಿತು. ಹೀಗಾಗಿ ಅರ್ಜಿದಾರನ ಮಟ್ಟಿಗೆ ಸದರಿ ವೆಲ್ವೆಟ್ ಮೂವತ್ತೊಂದು ವರ್ಷಗಳಿಂದ ಗಾಳಿಯಲ್ಲೇ ಇದ್ದಾನೆ.

5. ಅರ್ಜಿದಾರನು ನಿಯಮ ನೆನೆದು ಫೋನನ್ನು ಬೋರಲು ಹಾಕಿ ಇಟ್ಟನು. ಆದರೆ ಸಮ್ಮೇದ ಗುಂಪಿನಲ್ಲಿ ಒಂದು ಪ್ರಕಟಣೆ ಹೊರಡಿಸಿದನು: ದಾದಾ, ಅಂದರೆ ಅಣ್ಣನಾದ ಅರ್ಜಿದಾರನು, ನಿಯಮದಲ್ಲಿ ಇರುವುದರಿಂದ ದೀಪಾವಳಿಯವರೆಗೆ ವಿಮರ್ಶೆ ತಾನೇ ಮಾಡುವುದಾಗಿಯೂ, ಬರುವ ಭಾನುವಾರ ಇದೇ ಕುಸ್ತಿ ನೋಡಿ ಕೊನೆಗೆ ಏನಾಯಿತೆಂದು 143 ಜನರಿಗೂ ಹೇಳುವುದಾಗಿಯೂ. ನಿಯಮ ನಿನಗೂ ಇದೆಯಲ್ಲ ಎಂದು ಅರ್ಜಿದಾರನು ಫೋನು ಮಾಡಿ ಕೇಳಲಾಗಿ, ಅವನು ಹೇಳಿದ್ದು ಹೀಗೆ:

"ದಾದಾ, ನನಗ ಹೊಡೆದಾಟ ನೋಡಬಾರದು ಅಂತ ಐತಿ. ನಾ ನಾಟಕ ನೋಡಾವ. ನಾಟಕಕ್ಕ ಮಹಾರಾಜರು ಏನೂ ಅಂದಿಲ್ಲ. ನೀ ಖರೇ ಅಂತೀಯಲ್ಲ, ನೀ ನೋಡಬ್ಯಾಡ."

6. ಅರ್ಜಿದಾರನು ಒಡನೆಯೇ ತಮ್ಮಲ್ಲಿಗೆ ದೂರು ತಂದನು. ಕ್ರಮ ಸಂಖ್ಯೆ 38 ಮೊದಲಿನಿಂದಲೂ ಒಂದೇ ಮಾತು ಹೇಳುತ್ತ ಬಂದಿರುವುದರಿಂದ ಅವನ ಮೇಲೆ ಕ್ರಮ ಸಾಧ್ಯವಿಲ್ಲವೆಂದು ತಾವು ತಿಳಿಸಿದಿರಿ. ನಂತರ ಹಿಟ್ಟಿನ ಕೈ ಎತ್ತಿ ಉಲ್ಲೇಖ 2ರ ಆದೇಶ ನೀಡಿದಿರಿ. ದಾಖಲೆಗಾಗಿ ಅದನ್ನು ಇದ್ದಂತೆಯೇ ಕೊಡಲಾಗಿದೆ:

"ಖರೇ ಅಂದ್ರ ಹಿಂಸಾ ಆತು, ನೋಡಬ್ಯಾಡ್ರಿ. ಸುಳ್ಳ ಅಂದ್ರ ನಾಟಕ ಆತು, ನೋಡ್ರಿ. ಯಾವದರೆ ಒಂದ ಕಾಗದದ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ. ನನ್ನ ವಹಿಯೊಳಗ ಎರಡೂ ನಡಿಯಂಗಿಲ್ಲ."

ಕಾರಣ ಈ ಅರ್ಜಿ. ಇದನ್ನು ಕನ್ನಡದಲ್ಲಿ ಬರೆದದ್ದಕ್ಕೂ ಕಾರಣವಿದೆ. ಅರ್ಜಿದಾರನು ಅಜ್ಜಿಯ ಊರಾದ ಶೇಡಬಾಳದಲ್ಲಿ ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವನು. ತಮ್ಮ ತವರೂ ಆ ಕಡೆಯದೇ. ಸಮ್ಮೇದ ಸಾಂಗಲಿಯಲ್ಲಿ ಮರಾಠಿ ಕಲಿತವನು. ಅವನು ಕನ್ನಡದಲ್ಲಿ ಜಗಳವಾಡುತ್ತಾನೆ, ಲೆಕ್ಕ ಹಾಕುತ್ತಾನೆ, ಆದರೆ ಒಂದಕ್ಷರ ಓದಲಾರ. ಮುಂದಿನ ಕಲಮುಗಳು ಅವನ ಕೈಗೆ ಸಿಕ್ಕರೂ ಪರವಾಗಿಲ್ಲ, ಕಣ್ಣಿಗೆ ಸಿಗಬಾರದು.

7. ಸದರಿ ಟಿ.ವಿ. ಕುಸ್ತಿ ಸಂಪೂರ್ಣ ನಾಟಕವೆಂದು ಅರ್ಜಿದಾರನು ಈ ಮೂಲಕ ಒಪ್ಪಿಕೊಳ್ಳುತ್ತಾನೆ. ಪುರಾವೆಗಳು:

ಅ) ಮುಷ್ಟಿ ಬೀಸುವಾಗ ಹೊಡೆಯುವವನು ಕಾಲಿನಿಂದ ಹಲಗೆ ಒದೆಯುತ್ತಾನೆ. ಸಪ್ಪಳ ಕಾಲಿನದು, ನರಳಾಟ ಮುಖದ್ದು.

ಆ) ಬಿದ್ದವನ ಕಿವಿಯಲ್ಲಿ ರೆಫರಿ ಬಗ್ಗಿ ಏನೋ ಹೇಳುತ್ತಾನೆ, ಕೂಡಲೇ ಅವನಿಗೆ ಶಕ್ತಿ ಬರುತ್ತದೆ. ನಮ್ಮ ಮೈದಾನಗಳಲ್ಲಿ ರೆಫರಿ ಕಿವಿಯಲ್ಲಿ ಹೇಳಿದ್ದರಿಂದ ಯಾರಿಗೂ ಶಕ್ತಿ ಬಂದ ಉದಾಹರಣೆ ಇಲ್ಲ.

ಇ) ಮುಖ್ಯವಾದದ್ದು: ಮೇಲಿನಿಂದ ಒಬ್ಬ ಹಾರುವಾಗ, ಮೂರ್ಛೆ ಹೋದವನು ಒಂದು ಕಣ್ಣು ತೆರೆದು ನೋಡಿ, ಹಾರುವವನಿಗೆ ಅನುಕೂಲವಾಗುವಂತೆ ಅರ್ಧ ಅಡಿ ಸರಿದು ಮಲಗುತ್ತಾನೆ. ಖರೆ ವೈರಿ ಇಷ್ಟು ಸೌಜನ್ಯ ತೋರಿಸುವುದಿಲ್ಲ.

8. ಇದು ಯಾವಾಗಿನಿಂದ ಗೊತ್ತು ಎಂದು ತಾವು ಕೇಳಬಹುದು. ಮೊದಲ ದಿನದಿಂದ ಗೊತ್ತು. ಅರ್ಜಿದಾರನು ಕುರುಡನಲ್ಲ.

1993ರಲ್ಲಿ ಖಂಡೇರಾಜುರಿಯ ಕುಸ್ತಿ ಮೈದಾನದಲ್ಲಿ ಸಮ್ಮೇದನ ಬಲ ಮೊಣಕಾಲು ಹೋಯಿತು. ತಮಗೆ ನೆನಪಿದೆ, ಆಗ ತಾವೇ ಅವನಿಗೆ ಗಂಜಿ ಕೊಡುತ್ತಿದ್ದಿರಿ. ಇಪ್ಪತ್ತಾರು ವರ್ಷದ ಗಂಡಾಳು ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಡಾಕ್ಟರು ನಡೆಯಬಹುದು ಎಂದರೂ ಏಳಲಿಲ್ಲ. ಅವ್ವ ಕರೆದರೆ ಓ ಎನ್ನಲಿಲ್ಲ. ತಾಲೀಮಿನಿಂದ ಕುಸ್ತಿ ಕಲಿಸಿದ ವಸ್ತಾದರು ಬಂದರೆ ಚಾದರು ಎಳೆದುಕೊಂಡ. ಆ ದಿನಗಳಲ್ಲಿ ಅರ್ಜಿದಾರನಿಗೆ ಅಂಗಡಿಯಿಂದ ಮನೆಗೆ ಬರಲು ಹೆದರಿಕೆಯಾಗುತ್ತಿತ್ತು. ಒಂದು ಮಧ್ಯಾಹ್ನ ಅವನು ಟಿ.ವಿ.ಯಲ್ಲಿ ಬಾತಮಿ, ಅಂದರೆ ವಾರ್ತೆ, ಹಚ್ಚಲು ಹೋಗಿ ತಪ್ಪು ಗುಂಡಿ ಒತ್ತಿದ. ಪರದೆಯ ಮೇಲೆ ಒಬ್ಬ ಇನ್ನೊಬ್ಬನ ಮೊಣಕಾಲನ್ನು ಹಿಂದು ಮುಂದಾಗಿ ತಿರುವಿದ. ತಿರುವಿಸಿಕೊಂಡವನು ಬೊಬ್ಬೆ ಹೊಡೆದು, ಎರಡೇ ನಿಮಿಷಕ್ಕೆ ಎದ್ದು ಕುಣಿದ. ಆಗ ಗೋಡೆಯ ಕಡೆಯಿಂದ ಮಾತು ಬಂತು.

"ನಾಟಕ. ಮೊಣಕಾಲ ಹಂಗ ತಿರುವಿದ್ರ ಮನಷ್ಯಾ ಏಳಂಗಿಲ್ಲ."

ಮೂರು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು ಅದು. ಹೌದು ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅರ್ಜಿದಾರನಿಗೆ ಆ ಕ್ಷಣದಲ್ಲಿ ಏನು ತೋಚಿತೋ ಅದನ್ನೇ ಹೇಳಿದ.

"ಖರೇ ಐತಿ. ಏಳವರು ಏಳ್ತಾರ."

ಸಮ್ಮೇದನಿಗೆ ಎಂಥ ಸಿಟ್ಟು ಬಂತೆಂದರೆ, ಮಂಚದಿಂದಿಳಿದು, ಬಾಗಿಲ ಅಗುಳಿಯ ಕೋಲು ಊರಿಕೊಂಡು ಟಿ.ವಿ.ಯವರೆಗೆ ನಡೆದು, ಕಾಲು ಒದೆಯುವುದು ಇಲ್ಲಿ ನೋಡು, ಇಲ್ಲಿ ನೋಡು ಎಂದು ಗಾಜಿನ ಮೇಲೆ ಬೆರಳು ಕುಟ್ಟಿದ. ಅರ್ಜಿದಾರನು ನೋಡಿದ್ದು ಆ ಗಾಜನ್ನಲ್ಲ, ಅವನ ಕಾಲುಗಳನ್ನು. ಅವ್ವ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮರುವಾರವೂ ಅರ್ಜಿದಾರನು ಖರೆ ಎಂದ. ಅದರ ಮುಂದಿನ ವಾರವೂ. ಸಮ್ಮೇದ ವರ್ಕ್‌ಶಾಪ್ ಹಾಕಿದ, ಬೇರೆ ಮನೆ ಮಾಡಿದ, ಮಕ್ಕಳ ಮದುವೆ ಮಾಡಿದ, ಭಾನುವಾರ ತಪ್ಪಿಸಲಿಲ್ಲ. ಅರ್ಜಿದಾರನಿಗೆ ಅವನ ಮೇಲೆ ಬಹಳ ಜೀವ. ಇದನ್ನು ಅವನೆದುರು ಹೇಳಿಲ್ಲ, ನಮ್ಮಲ್ಲಿ ಅಣ್ಣತಮ್ಮಂದಿರು ಇಂಥದ್ದನ್ನು ಹೇಳುವ ವಾಡಿಕೆ ಇಲ್ಲ. ಸುಳ್ಳಿನ ದೋಷಕ್ಕಾಗಿ ಪ್ರತಿ ವರ್ಷ, ಎಲ್ಲರೂ ಪರಸ್ಪರ ಕ್ಷಮೆ ಬೇಡುವ ಕ್ಷಮಾವಣಿಯ ದಿನ, ಅವನಲ್ಲಿ ಕ್ಷಮೆ ಕೇಳಲಾಗಿದೆ. ಯಾವ ತಪ್ಪಿಗೆ ಎಂದು ಅವನು ಕೇಳಿಲ್ಲ.

9. ಇಷ್ಟು ಬರೆದು ಅರ್ಜಿದಾರನು ಪೆನ್ನು ಕೆಳಗಿಟ್ಟು, ತಾವು ತಂದಿಟ್ಟ ಚಹಾ ಕುಡಿದು (ಅರ್ಜಿದಾರನು ಚಹಾ ಬಿಟ್ಟಿಲ್ಲ, ವಹಿ ನೋಡಬಹುದು), ಮೊದಲಿನಿಂದ ಮತ್ತೊಮ್ಮೆ ಓದಿದನು. ಓದಲಾಗಿ ಕಂಡುಬಂದದ್ದೇನೆಂದರೆ, ಅನುಮತಿ ಸಿಕ್ಕರೆ ಕುಸ್ತಿ ನೋಡಬಹುದು ನಿಜ. ಆದರೆ ನಾಟಕವೆಂದು ಒಪ್ಪದೆ ಅನುಮತಿ ಸಿಗದು. ಅರ್ಜಿದಾರನು ನಿಯಮದಲ್ಲಿದ್ದೂ ಹೇಗೆ ನೋಡಿದ ಎಂದು ಸಮ್ಮೇದ ಕೇಳದೆ ಬಿಡನು. ಒಮ್ಮೆ ಒಪ್ಪಿದ್ದು ತಿಳಿದರೆ ಅವನು ಗೆದ್ದಂತೆ. ಗೆದ್ದವನು ಭಾನುವಾರ ಹನ್ನೊಂದಕ್ಕೆ ಮೋಟರ್‌ಸೈಕಲ್ ಹತ್ತಿ ಏಕೆ ಬಂದಾನು?

ಆದ್ದರಿಂದ ಅರ್ಜಿದಾರನು ತನ್ನ ವಿಷಯದ ಸಾಲನ್ನು ಈ ಕ್ಷಣದಿಂದ ಹಿಂದಕ್ಕೆ ಪಡೆದು, ತಿದ್ದುಪಡಿ ಮಾಡಿ ಈ ಕೆಳಗಿನಂತೆ ಪ್ರಾರ್ಥಿಸುತ್ತಾನೆ.

ಒಂದು: ಈ ಅರ್ಜಿಯನ್ನು ತಿರಸ್ಕರಿಸಬೇಕು.

ಎರಡು: ತಿರಸ್ಕಾರದ ಕಾರಣವಾಗಿ, ಟಿ.ವಿ. ಕುಸ್ತಿ ಖರೆಯೇ ಎಂದೂ, ಹಿಂಸೆಯೇ ಎಂದೂ, ಕ್ರಮ ಸಂಖ್ಯೆ 37 ಮತ್ತು 38 ಇಬ್ಬರೂ ದೀಪಾವಳಿಯವರೆಗೆ ಅದನ್ನು ನೋಡತಕ್ಕದ್ದಲ್ಲವೆಂದೂ ನಮೂದಿಸಬೇಕು. ಆದೇಶ ಮರಾಠಿಯಲ್ಲಿ ಇರಬೇಕು, ಅಕ್ಷರ ದೊಡ್ಡವಿರಬೇಕು, ಸಮಿತಿಯ ಮೊಹರಿನ ಶಿಕ್ಕಾ ಇರಬೇಕು.

ಮೂರು: ಅಂಥ ಆದೇಶಕ್ಕೆ ಸಹಿ ಹಾಕಿದರೆ ಸುಳ್ಳಿನ ದೋಷ ತಗಲೀತೆಂದು ತಮಗೆ ಅನಿಸಬಹುದು. ಅರ್ಜಿದಾರನು ಇದನ್ನು ಯೋಚಿಸಿದ್ದಾನೆ. ಆ ಕುಸ್ತಿ ನೋಡಿ ನಮ್ಮ ಮನೆಯಲ್ಲಿ ಒಬ್ಬನು ಖರೆಯಾಗಿಯೇ ಎದ್ದು ನಡೆದಿದ್ದಾನೆ. ಆದ ಕಾರಣ ಖರೆ ಎಂದು ಬರೆಯಲು ಅಡ್ಡಿ ಇಲ್ಲವೆಂದು ಅವನ ನಂಬಿಕೆ.

ಸ್ಥಳ: ಮಿರಜ, ಅಡುಗೆಮನೆಯ ಹೊಸ್ತಿಲು
ದಿನ: ಶುಕ್ರವಾರ

ಹಗಲು ಸಮಿತಿಗೂ, ಉಳಿದ ಹೊತ್ತು ಮನೆಗೂ,
ತಮ್ಮ ವಿಶ್ವಾಸಿ,
(ಸಹಿ) ಜಯಕುಮಾರ ನೇ. ಮಗದುಮ

ಲಗತ್ತುಗಳು:
1. ಅರ್ಜಿದಾರನ ವಿಮರ್ಶೆಗಳ ನೋಟ್‌ಬುಕ್ಕು, ಎರಡು. (ನಂತರ ಹಿಂತಿರುಗಿಸಬೇಕು.)
2. ಎಡ ಮೊಣಕಾಲಿನ ಜೋಮಿನ ಬಗ್ಗೆ ವೈದ್ಯರ ಚೀಟಿ. ವೈದ್ಯರು ಕೊಡಲಿಲ್ಲವಾದ್ದರಿಂದ ಅರ್ಜಿದಾರನೇ ಬರೆದದ್ದು.
3. ಸಮ್ಮೇದನ ಪ್ರಕಟಣೆಯ ಫೋಟೋ, ಸೊಸೆಯಿಂದ ದೃಢೀಕೃತ.
4. ಶಿಕ್ಕೆಗೆ ಬೇಕಾದ ಇಂಕ್ ಪ್ಯಾಡು, ಅಂಗಡಿಯಿಂದ ತಂದದ್ದು.

ಕೊನೆಯ ವಿನಂತಿ: ಬರುವ ಭಾನುವಾರ ಹನ್ನೊಂದು ಗಂಟೆಗೆ ಕ್ರಮ ಸಂಖ್ಯೆ 38 ಸದರಿ ಆದೇಶವನ್ನು ಹಿಡಿದುಕೊಂಡು ಸಿಟ್ಟಿನಿಂದ ಮನೆಗೆ ಬರುವ ಸಂಭವವಿದೆ. ಆ ಸಮಯದಲ್ಲಿ ಸಮಿತಿಯವರಾಗಲಿ, ಮನೆಯವರಾಗಲಿ ನಡುವೆ ಬಂದು ಜಗಳ ಬಿಡಿಸಬಾರದೆಂದು ಕೋರಿಕೆ.