ರೈಲು ಹತ್ತಿದ ಕೇರಿ

ರಾಮಲಿಂಗಯ್ಯ ಮೇಷ್ಟರಿಗೆ ಆ ದಿನ ಬಂದ ಕಷ್ಟವೆಲ್ಲ ‘ಎಷ್ಟು’ ಎಂಬ ಒಂದು ಮಾತಿನಿಂದ ಬಂದದ್ದು.

ಮಹಾರಾಜರ ಸರ್ಕಾರ ಹತ್ತು ವರ್ಷಕ್ಕೊಮ್ಮೆ ಪ್ರಜೆಗಳ ತಲೆ ಎಣಿಸುತ್ತಿತ್ತು. ಖಾನೇಷುಮಾರಿ ಎಂದು ಅದರ ಹೆಸರು. ಚನ್ನಪಟ್ಟಣದ ಗೊಂಬೆ ಮಾಡುವವರ ಕೇರಿಯನ್ನು ಎಣಿಸುವ ಕೆಲಸ ಮೇಷ್ಟರ ಪಾಲಿಗೆ ಬಂತು. ಅವರ ಹೆಂಡತಿ ಅಂಬುಜಮ್ಮ ಸೋಲೂರಿನಲ್ಲಿ ಅತ್ತೆಮಾವಂದಿರ ಜೊತೆ ಇದ್ದಳು. ಮೇಷ್ಟರು ಇಲ್ಲಿ, ತಾವೇ ಸೀಯಿಸಿದ ಅನ್ನದ ಜೊತೆ ಇದ್ದರು. ಸೋಲೂರಿಗೆ ವರ್ಗ ಬೇಡಿ ನಾಲ್ಕು ವರ್ಷದಿಂದ ಅರ್ಜಿ ಬರೆಯುತ್ತಲೇ ಬಂದಿದ್ದರು. ಕೊನೆಗೆ ಖಾನೇಷುಮಾರಿಯ ಸಾಹೇಬರು, “ಇವತ್ತು ಸಂಜೆ ನಾಲ್ಕಕ್ಕೆ ಲೆಕ್ಕ ಕೊಡಿ, ಸೋಲೂರಿಗೆ ಹೋಗಿ. ಒಂದು ತಲೆ ತಪ್ಪಿದರೂ ಸೋಲೂರನ್ನು ಮರೆತುಬಿಡಿ” ಎಂದಿದ್ದರು.

ಮೊದಲ ಮನೆ ಬೈರಮ್ಮನದು.

“ಮಕ್ಕಳು ಎಷ್ಟಮ್ಮ?”

ಬೈರಮ್ಮ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು. “ಎಣಿಸ್ಬ್ಯಾಡಿ ಸ್ವಾಮಿ! ಪ್ಲೇಗಿನ ವರ್ಸ ಇಂಗೇ ಒಬ್ಬ ಪುಸ್ತಕ ಹಿಡ್ಕಂಡು ಬಂದು ಎಷ್ಟು, ಎಷ್ಟು ಅಂದ. ಆಮ್ಯಾಕೆ ಉಳುದೋರು ಎಷ್ಟು ಅಂತ ಕೇಳಕ್ಕೆ ಅವ ಬರ್ನೇ ಇಲ್ಲ.”

ಎದುರುಮನೆಯ ಖುರ್ಷಿದಾ ಇದನ್ನು ಕೇಳಿ ತನ್ನ ಮಕ್ಕಳನ್ನು ಕೋಳಿಮರಿಗಳಂತೆ ಒಳಕ್ಕೆ ಅಟ್ಟಿ ಬಾಗಿಲು ಹಾಕಿಕೊಂಡಳು. ಅದನ್ನು ನೋಡಿ ಪಕ್ಕದ ಮನೆ, ಅದರ ಪಕ್ಕದ ಮನೆ. ಸಂತೆಯಲ್ಲಿ ಮಳೆ ಬಂದಾಗ ಕೊಡೆ ಬಿಚ್ಚಿದಷ್ಟೇ ಬೇಗ ಕೇರಿಯ ಬಾಗಿಲುಗಳೆಲ್ಲ ಮುಚ್ಚಿದವು. ಮೇಷ್ಟರು ಬೀದಿಯ ನಡುವೆ ಒಬ್ಬರೇ ನಿಂತರು.

ಅರಗಿನ ಗೊಂಬೆ ಕಡೆಯುವ ಇದ್ರೀಸ್ ತನ್ನ ಜಗಲಿಯಿಂದಲೇ ನಕ್ಕ. “ಮನುಷ್ಯರನ್ನ ಎಣಿಸಿದ್ರೆ ತಾನೆ ದೃಷ್ಟಿ ಮೇಷ್ಟ್ರೇ? ಗೊಂಬೆ ಎಣಿಸಿ! ತಲೆಗೊಂದು ಗೊಂಬೆ ಹಾಕ್ತಾರೆ. ಗಂಡಸಿಗೆ ಕೆಂಪು, ಹೆಂಗಸಿಗೆ ಹಳದಿ, ಮಕ್ಕಳಿಗೆ ಗಿಡ್ಡ. ಮರದ ತುಂಡಿಗೆ ಯಾವ ದೃಷ್ಟಿ ತಗಲ್ತದೆ?”

ಈ ಮಾತು ಎಲ್ಲರಿಗೂ ಒಪ್ಪಿತು. ಇದ್ರೀಸನ ಜಗಲಿಯ ಮೇಲೆ ದೊಡ್ಡ ಬುಟ್ಟಿ ಬಂದು ಕೂತಿತು. ಮನೆಯವರು ತಮ್ಮ ತಮ್ಮ ಗೊಂಬೆಗಳನ್ನು ಒಂದು ದಾರದಲ್ಲಿ ಕಟ್ಟಿ, ಕಾಗದದ ಚೀಟಿಯಲ್ಲಿ ಹೆಸರು ಬರೆಸಿ, ಬುಟ್ಟಿಗೆ ಹಾಕತೊಡಗಿದರು.

ತಕರಾರು ಇಲ್ಲದಿರಲಿಲ್ಲ. ಮುದುಕ ಅಂಕಯ್ಯ, “ನಮ್ದು ಪಟೇಲರ ವಂಸ. ನನ್ ಗೊಂಬೆ ಒಸಿ ಎತ್ತರ ಇರ್ಲಿ” ಎಂದು ಹಟ ಹಿಡಿದ. ಖುರ್ಷಿದಾಳ ಅತ್ತೆ ಬುಟ್ಟಿಯೊಳಗೆ ಇಣುಕಿ, “ತೋಬಾ! ನನ್ನನ್ನ ಈ ಅಂಕಯ್ಯನ ಮೇಲೆ ಹಾಕಿದೀರಲ್ಲ!” ಎಂದು ಕೂಗಿದಳು. ಮೇಷ್ಟರು ತಮ್ಮ ಅಂಗವಸ್ತ್ರ ಹರಿದು ಬುಟ್ಟಿಯ ನಡುವೆ ಪರದೆ ಕಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಕೇರಿಯೆಲ್ಲ ಬುಟ್ಟಿಗೆ ಬಂತು. ಇನ್ನು ಎಣಿಸಿ ಬರೆಯುವುದಷ್ಟೇ ಉಳಿದಿತ್ತು. ಮೇಷ್ಟರು ದೇವರನ್ನು ನೆನೆದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಬಂದರು. ಜಗಲಿಯ ಮೇಲೆ ಬುಟ್ಟಿ ಇರಲಿಲ್ಲ.

“ಗಫಾರ್ ತಕ್ಕೊಂಡು ಹೋದ” ಎಂದ ಇದ್ರೀಸ್, ತಲೆಯ ಮೇಲೆ ಕೈಹೊತ್ತು. ಗಫಾರ್ ಗೊಂಬೆ ವ್ಯಾಪಾರಿ. “ನಾನು ಒಳಗೆ ಊಟಕ್ಕೆ ಕೂತಿದ್ದೆ. ಮೈಸೂರಿಗೆ ಕಳಿಸೋ ಮಾಲು ಅಂದ್ಕೊಂಡು ಸ್ಟೇಷನ್ನಿಗೆ ಹೊರಿಸ್ಕೊಂಡು ಹೋಗವ್ನೆ!”

ಮೇಷ್ಟರು ಕಚ್ಚೆ ಎತ್ತಿ ಕಟ್ಟಿ ಓಡಿದರು. ಹಿಂದೆ ಇದ್ರೀಸ್, ಅವನ ಹಿಂದೆ ಬೈರಮ್ಮ, ಅವಳ ಹಿಂದೆ ಕೇರಿ. ಸ್ಟೇಷನ್ನಿನಲ್ಲಿ ರೈಲು ಹೊಗೆ ಬಿಡುತ್ತ ನಿಂತಿತ್ತು. ಸ್ಟೇಷನ್ ಮಾಸ್ತರರು ಹಸಿರು ಬಾವುಟ ಎತ್ತಿದ್ದರು.

“ನಿಲ್ಲಿಸಿ ಸ್ವಾಮಿ!” ಎಂದು ಮೇಷ್ಟರು ಆ ಕೈ ಹಿಡಿದುಕೊಂಡರು. “ನಮ್ಮ ಕೇರಿಯ ಜನವೆಲ್ಲ ಸಾಮಾನಿನ ಡಬ್ಬಿಯಲ್ಲಿದ್ದಾರೆ!”

“ಎಷ್ಟು ಜನ?”

“ಇನ್ನೂರರ ಮೇಲೆ. ಹೆಂಗಸರು, ಕೂಸುಕುನ್ನಿ ಎಲ್ಲ ಸೇರಿ.”

“ಟಿಕೀಟಿಲ್ಲದೆ! ಎಲ್ಲಿ ಕೂತಿದ್ದಾರೆ?”

“ಒಂದು ಬುಟ್ಟಿಯಲ್ಲಿ. ಮೇಲೆ ಹುಲ್ಲು ಹೊದಿಸಿದ್ದಾರೆ.”

ಮಾಸ್ತರರು ಬಾವುಟ ಇಳಿಸಿ, ಬಿಸಿಲು ತಲೆಗೇರಿದವನನ್ನು ನೋಡುವಂತೆ ಮೇಷ್ಟರನ್ನು ನೋಡಿದರು. ಅಷ್ಟರಲ್ಲಿ ಇದ್ರೀಸ್ ಡಬ್ಬಿಗೆ ಹತ್ತಿ ಬುಟ್ಟಿ ಇಳಿಸಿದ. “ಇಂಥ ಪ್ರಯಾಣಿಕರಾದರೆ ನನ್ನ ಕೆಲಸ ಎಷ್ಟು ಸುಖ!” ಎಂದು ಮಾಸ್ತರರು ಬಾವುಟ ಬೀಸಿದರು. ರೈಲು ಹೋಯಿತು, ಕೇರಿ ಉಳಿಯಿತು. ಮೇಷ್ಟರು ಅಲ್ಲೇ ಪ್ಲಾಟ್‌ಫಾರಮ್ಮಿನ ಮೇಲೆ ಬುಟ್ಟಿಯನ್ನು ತಬ್ಬಿ ಕೂತು, “ಭಗವಂತ, ದೊಡ್ಡವನು ನೀನು” ಎಂದರು.

ಅಲ್ಲಿಯೇ ಬೇವಿನ ಮರದ ಕೆಳಗೆ ಒಂದೊಂದೇ ದಾರ ಬಿಚ್ಚಿ ಬರೆದರು. ಬೈರಮ್ಮನ ಚೀಟಿ ಬಂತು. ಕೆಂಪು ಒಂದು, ಹಳದಿ ಒಂದು, ಗಿಡ್ಡ ಎರಡು.

“ಬೈರಮ್ಮ, ನಿನಗೆ ಇರುವವನು ಒಬ್ಬನೇ ಮಗ ಎನ್ನುತ್ತಾರೆ ಕೇರಿಯವರು. ಈ ಇನ್ನೊಂದು ಯಾರು?”

ಬೈರಮ್ಮ ಸೆರಗಿನ ತುದಿ ತಿರುವುತ್ತ ನಿಂತಳು. “ನಮ್ ಪುಟ್ಟನಿಂಗಿ. ಪ್ಲೇಗಲ್ಲಿ ಹೋದ್ಲು. ಎಲ್ರ ಮಕ್ಳೂ ಬುಟ್ಟಿಗೆ ಹೋಯ್ತಿದ್ವು ಸ್ವಾಮಿ. ಅವಳೊಬ್ಳನ್ನೇ ಮನೇಲಿ ಹೆಂಗೆ ಬುಟ್ಟು ಬರ್ಲಿ?”

ಮೇಷ್ಟರು ಲೇಖನಿಯನ್ನು ಮತ್ತೊಮ್ಮೆ ಮಸಿಯಲ್ಲಿ ಅದ್ದಿದರು. ಭಗವಂತನ ಪುಸ್ತಕದಲ್ಲಿ ಆ ಮಗುವಿನ ಹೆಸರು ಹೊಡೆದುಹೋಗಿರಲಾರದು. ಸರ್ಕಾರದ ಪುಸ್ತಕದಲ್ಲಿ ಒಂದು ಹೆಚ್ಚಾದರೆ ಯಾವ ಸಾಮ್ರಾಜ್ಯ ಮುಳುಗೀತು? ಯಾರಿಗೂ ತಿಳಿಯುವುದೂ ಇಲ್ಲ. ‘ಮಕ್ಕಳು, ಎರಡು’ ಎಂದು ಬರೆದುಬಿಟ್ಟರು.

ಎಲ್ಲರೂ ಕೇರಿಗೆ ಮರಳಿದರು. ನಾಲ್ಕಕ್ಕೆ ಸಾಹೇಬರು ಜಟಕಾದಿಂದ ಇಳಿದರು. ಕಾಗದ ನೋಡಿದರು, ಕೂಡಿದರು, ಮತ್ತೊಮ್ಮೆ ಕೂಡಿದರು. ಮೇಷ್ಟರ ಮನಸ್ಸು ಆಗಲೇ ಸೋಲೂರು ಸೇರಿ, ಅಂಬುಜಮ್ಮನ ಕೈಯ ಹುಳಿಯನ್ನ ಉಣ್ಣುತ್ತಿತ್ತು.

“ಭೇಷ್!” ಎಂದರು ಸಾಹೇಬರು. “ಮಕ್ಕಳು ಅರವತ್ತು! ಅರವತ್ತು ಮಕ್ಕಳಿರುವ ಕೇರಿಗೆ ಅದರದೇ ಒಂದು ಶಾಲೆ ಕೊಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಐವತ್ತೊಂಬತ್ತಿದ್ದರೆ ಕೊಡುವಂತಿರಲಿಲ್ಲ. ನಾಳೆಯೇ ತೆರೆಯೋಣ.”

“ಬಹಳ ಸಂತೋಷ ಸ್ವಾಮಿ. ಮೇಷ್ಟರಾಗಿ ಯಾರು ಬರುತ್ತಾರೆ?”

“ಈ ಕೇರಿಯ ಹೆಂಗಸರಿಂದ ಎಣಿಕೆ ತೆಗೆದ ಮಹಾನುಭಾವರನ್ನು ಬಿಟ್ಟು ಬೇರೆ ಯಾರನ್ನು ಹುಡುಕಲಿ? ನೀವೇ!”

“ಸೋಲೂರು...”

“ಅರವತ್ತು ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟೇ? ಅಥವಾ ಲೆಕ್ಕದಲ್ಲಿ ಏನಾದರೂ ತಪ್ಪಿದೆಯೋ?”

ಮೇಷ್ಟರು ಬಾಯಿ ತೆರೆದರು. ಒಂದು ತಲೆ ಹೆಚ್ಚಾಗಿದೆ ಎಂದರೆ ಲೆಕ್ಕ ತಪ್ಪಿತು, ಸೋಲೂರು ಹೋಯಿತು. ಸರಿಯಾಗಿದೆ ಎಂದರೆ ಶಾಲೆ ಬಂತು, ಆಗಲೂ ಸೋಲೂರು ಹೋಯಿತು. ಸಾಹೇಬರ ಹಿಂದೆ ಬೈರಮ್ಮ ಪುಟ್ಟನಿಂಗಿಯ ಗೊಂಬೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮೇಷ್ಟರು, “ಲೆಕ್ಕ ಸರಿಯಾಗಿದೆ ಸ್ವಾಮಿ” ಎಂದರು. ಹೇಳಿದ ಮೇಲೆ, ಯಾಕೋ, ತಲೆಯ ಮೇಲಿನ ಹೊರೆ ಇಳಿಸಿದಷ್ಟು ಹಗುರವಾಯಿತು.

ಜಟಕಾ ಹೋಯಿತು. ಕೇರಿಯವರು ಹೋ ಎಂದು ಕೂಗಿದರು. ಬೈರಮ್ಮ ಹತ್ತಿರ ಬಂದು ದನಿ ತಗ್ಗಿಸಿದಳು. “ನಾಳೀಕೆ ಹಾಜರಿ ಕೂಗೋವಾಗ ನಮ್ ಪುಟ್ಟನಿಂಗೀನೂ ಒಂದ್ಸಲ ಕೂಗ್ಬುಡಿ ಸ್ವಾಮಿ. ಅವ್ಳು ಒಳ್ಳೇ ಕೂಸು. ಏನೂ ಗಲಾಟೆ ಮಾಡಾಕಿಲ್ಲ.”

“ಇವತ್ತು ಮಾಡಿದ್ದು ಸಾಲದೇನಮ್ಮ!” ಎಂದರು ಮೇಷ್ಟರು.